ಮೈಲುತುತ್ತು (ಕಾಪರ್ ಸಲ್ಫೇಟ್, ತಾಮ್ರದ ನೀಲಿ ಹರಳು) ರಾತ್ರಿಯಿಡೀ ನೆನೆಸಿದರೂ ಕರಗಿಲ್ಲ, ಏನು ಮಾಡಲಿ?

ಪ್ರಶ್ನೆ (ಅಡಿಕೆ ಬೆಳೆಗಾರರು, ಶಿರಸಿ ಕಡೆ):
ಸರ್, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತಿನ ನೀರು, ಸುಣ್ಣದ ಹಾಲು ಬೆರೆಸಿದ ಔಷಧಿ) ಹೊಡೆಯಬೇಕು. 1 ಕೆಜಿ ಮೈಲುತುತ್ತನ್ನು ನಿನ್ನೆ ರಾತ್ರಿಯೇ 50 ಲೀಟರ್ ನೀರಿರುವ ಬ್ಯಾರಲ್‌ಗೆ ಹಾಕಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹರಳು ತಳದಲ್ಲೇ ಕೂತಿದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ಕಾಯ್ತಾ ಇದ್ದಾನೆ. ನೀರು ಸಾಲಲಿಲ್ಲವೋ, ಮಾಲೇ ಕಲಬೆರಕೆಯೋ? ಇನ್ನೊಂದು ಬ್ಯಾರಲ್‌ನಲ್ಲಿ 1 ಕೆಜಿ ಸುಣ್ಣ ಇದೆ, ಅದೂ ಎಷ್ಟು ಕಲಕಿದರೂ ಕರಗ್ತಿಲ್ಲ.

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕರು, ಕಾರವಾರ):
ಹೆಗಡೇರೇ, ನೀರು ಬೇಕಾದಷ್ಟಿದೆ. ತಣ್ಣೀರಿನಲ್ಲೂ ಲೀಟರಿಗೆ ಸುಮಾರು 300 ಗ್ರಾಂ ತುತ್ತು ಕರಗುತ್ತದೆ, ನೀವು ಹಾಕಿದ್ದು ಲೀಟರಿಗೆ 20 ಗ್ರಾಂ ಮಾತ್ರ. ಎಷ್ಟು ಕರಗುತ್ತದೆ ಎನ್ನುವುದು ಒಂದು, ಎಷ್ಟು ಬೇಗ ಕರಗುತ್ತದೆ ಎನ್ನುವುದು ಇನ್ನೊಂದು. ನಿಮ್ಮ ತಾಪತ್ರಯ ಎರಡನೆಯದು.

ಬ್ಯಾರಲ್‌ ಒಳಗೆ ಬಗ್ಗಿ ನೋಡಿ. ಮೇಲೆ ತಿಳಿನೀಲಿ, ತಳದಲ್ಲಿ ಕಡುನೀಲಿ ಇರುತ್ತದೆ. ಹರಳಿನ ಸುತ್ತಲಿನ ನೀರು ಹಿಡಿಯುವಷ್ಟು ತುತ್ತು ಹಿಡಿದಾಗಿದೆ. ಅದು ಭಾರ, ಮೇಲೇಳುವುದಿಲ್ಲ. ಮೇಲಿನ ನೀರು ಹರಳಿನ ತನಕ ಬರುವುದಿಲ್ಲ. ಕಲಕದೇ ಬಿಟ್ಟರೆ ದಿನಗಟ್ಟಲೆ ಹೀಗೇ ಕೂತಿರುತ್ತದೆ.

ಮುಂದಿನ ಸಲ ಹರಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬ್ಯಾರಲ್ ಮೇಲೆ ಅಡ್ಡ ಕೋಲಿಟ್ಟು, ಗಂಟು ನೀರಿನ ಮೇಲ್ಭಾಗದಲ್ಲೇ ಮುಳುಗಿರುವಂತೆ ತೂಗುಹಾಕಿ. ನೀಲಿ ಎಳೆಗಳು ಗಂಟಿನಿಂದ ಜಾರಿ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಭಾರದ ನೀರು ಇಳಿದಂತೆಲ್ಲ ಹೊಸ ನೀರು ಗಂಟಿಗೆ ತಾಗುತ್ತದೆ, ಕೋಲು ತಿರುವುವ ಕೆಲಸವೇ ಇಲ್ಲ.

ಇವತ್ತಿನ ಅವಸರಕ್ಕೆ: ತಳದ ಹರಳನ್ನು ಮೊಗೆದು ನಾಲ್ಕೈದು ಲೀಟರ್ ಬಿಸಿನೀರಿನಲ್ಲಿ ಕಲಕಿ ವಾಪಸ್ ಸುರಿಯಿರಿ. ಸಣ್ಣ ಹರಳಾದರೆ ನೀರು ತಾಗುವ ಮೈ ಹೆಚ್ಚು, ಇನ್ನೂ ಬೇಗ ಆಗುತ್ತದೆ. ಆದರೆ ಒಣ ತುತ್ತನ್ನು ಕುಟ್ಟಿ ಧೂಳು ಎಬ್ಬಿಸಬೇಡಿ, ಕಣ್ಣಿಗೆ ಕೆಟ್ಟದ್ದು. ಕಬ್ಬಿಣದ ಅಥವಾ ತಗಡಿನ ಬಕೆಟ್ ಬೇಡವೇ ಬೇಡ. ನೀವು ದುಡ್ಡು ಕೊಟ್ಟು ತಂದ ತಾಮ್ರ ಬಕೆಟ್ಟಿನ ಮೈಗೆ ಅಂಟುತ್ತದೆ, ಬಕೆಟ್ಟೂ ತೂತು.

ಸುಣ್ಣದ ಕತೆ ಬೇರೆ. ಅದು ಲೀಟರಿಗೆ 2 ಗ್ರಾಂ ಕೂಡ ಕರಗುವುದಿಲ್ಲ. ನಿಮ್ಮ ಬ್ಯಾರಲ್‌ನಲ್ಲಿ ಇರುವುದು ಬಹುಪಾಲು ಕರಗದ ಪುಡಿ ತೇಲುತ್ತಿರುವ ಹಾಲು. ಅದರಿಂದ ತೊಂದರೆಯಿಲ್ಲ. ಕರಗಿದ್ದು ತುತ್ತಿನ ಜೊತೆ ಸೇರಿ ಖರ್ಚಾದಂತೆ ಉಳಿದದ್ದು ಕರಗುತ್ತಾ ಹೋಗುತ್ತದೆ. ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲದಿದ್ದರೆ ನಾಝಲ್ ಕಟ್ಟುತ್ತದೆ.

ಅದೇ ಬೆಳೆಗಾರರು: ಹಾಗಾದರೆ ಸುಣ್ಣಕ್ಕೂ ಬಿಸಿನೀರು ಹಾಕಲಾ?

ಉತ್ತರ: ಹಾಕಬೇಡಿ. ಸುಣ್ಣ ಬಿಸಿನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ! ಬಿಸಿಯಾದರೆ ಎಲ್ಲವೂ ಹೆಚ್ಚು ಕರಗುತ್ತದೆ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗು. ತುತ್ತಿನ ನೀರೂ ಪೂರ್ತಿ ತಣಿದ ಮೇಲೇ ಸುಣ್ಣದ ಹಾಲಿಗೆ ಸುರಿಯಿರಿ. ಬಿಸಿಯಲ್ಲಿ ಬೆರೆಸಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ಗೊನೆಗೆ ಸರಿಯಾಗಿ ಹಿಡಿಯುವುದಿಲ್ಲ. ಬೆರೆಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲಲಿಲ್ಲ ಎಂದೇ ಅರ್ಥ, ಇನ್ನಷ್ಟು ಹಾಕಿ.

ಇನ್ನೊಬ್ಬರು (ಕುಮಟಾ): ಸರ್, ನಡುವೆ ಬಾಯಿ ಹಾಕ್ತೀನಿ. ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ) ಹಾಕೋದಕ್ಕೆ ಸಾಣಿಕಟ್ಟಾ ಗದ್ದೆಯ ಉಪ್ಪಿನ ನೀರು ಕುದಿಸ್ತೇವೆ. ಕುದಿಸಿದರೆ ಜಾಸ್ತಿ ಉಪ್ಪು ಹಿಡಿಯುತ್ತದಾ? ತಣಿದ ಮೇಲೆ ತಳದಲ್ಲಿ ಉಪ್ಪು ಕಾಣ್ತದೆ.

ಉತ್ತರ: ಅಕ್ಕಾ, ಉಪ್ಪಿಗೆ ಬಿಸಿಯ ಹಂಗಿಲ್ಲ. ತಣ್ಣಗಿದ್ದಾಗ ಲೀಟರಿಗೆ ಸುಮಾರು 360 ಗ್ರಾಂ, ಕುದಿಯುವಾಗ 390ರ ಹತ್ತಿರ. ವ್ಯತ್ಯಾಸ ಅಷ್ಟೇ. ಕುದಿಸುವಾಗ ನೀರು ಆವಿಯಾಗಿ ಹೋದದ್ದೂ, ತಣಿದಾಗಿನ ಈ ಸ್ವಲ್ಪ ವ್ಯತ್ಯಾಸವೂ ಸೇರಿ ತಳದಲ್ಲಿ ಉಪ್ಪು ಕೂತಿರುವುದು. ಹಾಗಂತ ಕುದಿಸುವುದನ್ನು ಬಿಡಬೇಡಿ, ಬೇಗ ಕರಗುತ್ತದೆ, ನೀರೂ ಶುದ್ಧವಾಗುತ್ತದೆ. ಬೂದುಬಣ್ಣದ ಮಡ್ಡಿ ಇದ್ದರೆ ಅದು ಉಪ್ಪಿನ ಗದ್ದೆಯ ಮಣ್ಣು, ಯಾವ ಬಿಸಿಗೂ ಕರಗುವುದಿಲ್ಲ. ತಿಳಿ ಬಗ್ಗಿಸಿಕೊಳ್ಳಿ.

ಬೆಳೆಗಾರರು: ಹರಳು ಕರಗಿತು ಸರ್. ಸಂಜೆ ಬೋರ್ಡೋ ಉಳಿದರೆ ನಾಳೆಗೆ ಇಡಬಹುದಾ?

ಉತ್ತರ: ಬೆರೆಸಿದ್ದು ಬೇಡ, ಅದು ಅವತ್ತೇ ಮುಗಿಯಬೇಕು. ಮಳೆ ಬರುವ ಅಂದಾಜಿದ್ದರೆ ತುತ್ತಿನ ನೀರು, ಸುಣ್ಣದ ಹಾಲು ಎರಡನ್ನೂ ಬೇರೆ ಬೇರೆ ಮುಚ್ಚಿಡಿ, ಕೆಡುವುದಿಲ್ಲ. ಬೇಕಾದಷ್ಟೇ ಅಳೆದು ಬೆರೆಸಿಕೊಳ್ಳಿ.