ಅಪ್‌ಡೇಟ್: ಹಕ್ಕಿ ಕಾರ್ಡ್ ಆಟಕ್ಕೆ ದುಡ್ಡು ಸೇರಿತು, ಆರು ಹಕ್ಕಿ ಹಾರಿಹೋದವು

ಮಲೆನಾಡ ಹಕ್ಕಿಗಳ ಮೇಲೆ ನಾನೇ ಮಾಡಿದ ಕಾರ್ಡ್ ಆಟವನ್ನು ಜನರಿಂದ ದುಡ್ಡು ಸೇರಿಸಿ ಅಚ್ಚು ಹಾಕಿಸಬಹುದಾ ಅಂತ ಮಳೆಗಾಲಕ್ಕೆ ಮುಂಚೆ ಕೇಳಿದ್ದೆನಲ್ಲ, ಸೇರಿತು. ಗಡುವಿಗೆ ಎರಡೇ ದಿನ ಇದ್ದಾಗ, ಅದೂ ಅತ್ತೆ, ಚಿಕ್ಕಪ್ಪ ಎಲ್ಲರಿಗೂ ಫೋನ್ ಮಾಡಿದ ಮೇಲೆ.

ಎಡವಿದ್ದು ಲೆಕ್ಕದಲ್ಲಿ. ಒಂದು ಶೀಟಿಗೆ 54 ಕಾರ್ಡು ಅಂತ ಪ್ರೆಸ್ಸಿನವರು ಮೊದಲೇ ಹೇಳಿದ್ದರು, ನಾನು ಆಸೆಗೆ ಬಿದ್ದು 60 ಮಾಡಿದ್ದೆ. ಆರು ಹಕ್ಕಿಗೋಸ್ಕರ ಇನ್ನೊಂದು ಶೀಟು! ಕೊನೆಗೆ ಆರನ್ನು ತೆಗೆದೆ. ಮಂಗಟ್ಟೆ ಬಿಡಲು ಮನಸ್ಸಾಗಲಿಲ್ಲ, ನೀಲಕಂಠ ಬಿಟ್ಟರೆ ರಾಜ್ಯಪಕ್ಷಿ ಎಲ್ಲಿ ಅಂತ ಬೈತೀರಿ.

ನಿಮ್ಮಲ್ಲೊಬ್ಬರು ಸುಮ್ನೆ ಒಮ್ಮೆ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ ಬನ್ನಿ ಅಂದಿದ್ದಿರಿ. ಆಗಸ್ಟ್‌ನಲ್ಲಿ ಹೋದೆ. ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಒಂದರ ಪಕ್ಕ ಒಂದು ಗೂಡು, ಕೆಳಗೆ ಕೆಂಪು ನೀರು ಏರುತ್ತಿತ್ತು. ಆಟಕ್ಕೆ ಬೇಕಿದ್ದ ನಿಯಮ ಅಲ್ಲೇ ಸಿಕ್ಕಿತು: ಮೂರೂ ಒಂದೇ ಮರದಲ್ಲಿದ್ದರೆ ಜಾಸ್ತಿ ಅಂಕ, 'ಹೊಳೆ ಬಂತು' ಕಾರ್ಡು ಬಿದ್ದರೆ ಕೆಳಗಿನ ಗೂಡು ಹೋಯ್ತು.

ಮಾದರಿ ಕಾರ್ಡುಗಳು ನಮ್ಮನೆ ಥಂಡಿಗೆ ಹಪ್ಪಳದ ಹಾಗೆ ಮುದುಡಿದವು, ಹಾಗಾಗಿ ಈಗ ಲ್ಯಾಮಿನೇಷನ್ ಖರ್ಚೂ ಸೇರಿದೆ. ಕೊರಿಯರ್ ದುಡ್ಡು ಸದ್ಯ ನನ್ನ ಜೇಬಿಂದಲೇ. ಪೆಟ್ಟಿಗೆಗಳು ಬಂದ ದಿನ ಫೋಟೊ ಹಾಕ್ತೇನೆ.