ತರುಣಾಸ್ಥಿ ಎಂದರೆ ಬಲಿಯದ ಎಲುಬೇ?

ಬದಿಯಡ್ಕದ ಶಿಕ್ಷಕಿ:
ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನಾವು ಮೃದ್ವಸ್ಥಿ (ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವಂಥ ಬಾಗುವ ಅಂಗಾಂಶ, ಕಾರ್ಟಿಲೇಜ್) ಎನ್ನುವುದನ್ನು ಪಕ್ಕದ ಮಲಯಾಳ ತರಗತಿಯವರು ತರುಣಾಸ್ಥಿ ಎನ್ನುತ್ತಾರೆ. ಎರಡನ್ನೂ ಕೇಳಿದ ಹುಡುಗಿಯೊಬ್ಬಳು, ಎಳೆ ಅಡಿಕೆ ಬಲಿತು ಹಣ್ಣಾಗುವಂತೆ ಇದೂ ಬಲಿತು ಎಲುಬಾಗುತ್ತದೆಯೇ ಎಂದು ವಿಚಾರಿಸಿದಳು. ಕಳೆದ ವಾರ ಮನೆಯಲ್ಲಿ ಕಾವಿಗೆ ಕುಳಿತ ಹೇಂಟೆಯ ಕಾಲು ತಾಗಿ ಒಂದು ಮೊಟ್ಟೆ ಒಡೆದಾಗ, ಎಂಟು ದಿನದ ಭ್ರೂಣದ ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಅದರೊಳಗಿದ್ದುದು ಎಲುಬೋ ಮೃದ್ವಸ್ಥಿಯೋ?

ಮಂಜೇಶ್ವರದ ಓದುಗ:
ಬಹುಪಾಲು ಮೃದ್ವಸ್ಥಿ. ದಿನಗಳನ್ನು ಮೊಟ್ಟೆ ಇಟ್ಟಂದಿನಿಂದಲ್ಲ, ಕಾವು ತಾಗಿದಂದಿನಿಂದ ಎಣಿಸಬೇಕು. ತಣ್ಣಗಿರುವ ಮೊಟ್ಟೆಯಲ್ಲಿ ಬೆಳವಣಿಗೆ ತಡೆದು ನಿಂತಿರುತ್ತದೆ. ಸುಮಾರು 3ನೆಯ ದಿನ ಕಾಲಿನ ಮೊಗ್ಗು ಮೂಡುತ್ತದೆ. 4–5ನೆಯ ದಿನದ ಹೊತ್ತಿಗೆ ಅದರೊಳಗೆ ಚದುರಿದ್ದ ಕೋಶಗಳು ಒತ್ತಾಗಿ ಸೇರಿ, ಸಾಕ್ಸ್9 ಎಂಬ ಜೀನಿನ ನಿಯಂತ್ರಣದಲ್ಲಿ ಮೃದ್ವಸ್ಥಿಯ ಕೋಶಗಳಾಗಿ, ತಮ್ಮ ಸುತ್ತ ಕೊಲಾಜೆನ್ ನಾರುಗಳನ್ನೂ ನೀರು ಹಿಡಿದಿಡುವ ಪ್ರೋಟಿಯೋಗ್ಲೈಕನ್‌ಗಳನ್ನೂ ಸ್ರವಿಸುತ್ತವೆ. ಮುಂದೆ ಅದು ಎರಡು ಬಗೆಯಲ್ಲಿ ಬೆಳೆಯುತ್ತದೆ: ಒಳಗಿನ ಕೋಶಗಳು ವಿಭಜಿಸಿ ಉದ್ದವಾಗುವುದು, ಹೊರಪೊರೆಯಿಂದ ಹೊಸ ಪದರ ಸೇರಿ ದಪ್ಪವಾಗುವುದು. ಎಲುಬಿಗೆ ಸಾಧ್ಯವಾಗದ ಕೆಲಸವೆಂದರೆ ಈ ಒಳಗಿನಿಂದ ಹಿಗ್ಗುವಿಕೆ. ವೇಗವಾಗಿ ಬೆಳೆಯುವ ಭ್ರೂಣಕ್ಕೆ ಮೃದ್ವಸ್ಥಿ ಮೊದಲು ಬೇಕಾಗುವುದು ಇದಕ್ಕಾಗಿಯೇ ಎಂದು ನನ್ನ ತಿಳಿವಳಿಕೆ.

ನಡುಭಾಗದ ಕೋಶಗಳು ಉಬ್ಬುತ್ತಿರುವಾಗ, ಸುಮಾರು 7ನೆಯ ದಿನ, ಮೊಣಕಾಲ ಕೆಳಗಿನ ಎಲುಬಿನ ನಡುವಿಗೆ ಹೊರಗಿನಿಂದ ಎಲುಬಿನ ತೆಳ್ಳನೆಯ ಬಳೆ ಕೂಡುತ್ತದೆ. ಆ ಬಳೆಯನ್ನು ಕಟ್ಟುವುದು ಹೊರಪೊರೆಯ ಕೋಶಗಳು. ಬಳಿಕ ರಕ್ತನಾಳಗಳು ಒಳನುಗ್ಗಿ ಮೃದ್ವಸ್ಥಿಯನ್ನು ಕರಗಿಸಿ ಮಜ್ಜೆಗೆ ಜಾಗ ಮಾಡುತ್ತವೆ. ಆದ್ದರಿಂದ ಮೃದ್ವಸ್ಥಿ ಬಲಿಯುವುದಿಲ್ಲ, ಅದರ ಸ್ಥಾನಕ್ಕೆ ಎಲುಬು ಬರುತ್ತದೆ. 21ನೆಯ ದಿನ ಮರಿ ಹೊರಬರುವಾಗಲೂ ಕಾಲಿನ ಎಲುಬುಗಳ ತುದಿಗಳು ಮೃದ್ವಸ್ಥಿಯೇ ಆಗಿರುತ್ತವೆ.

ಕುಂಬಳೆಯ ಓದುಗಿ:
ಇದಕ್ಕೆ ಕೀಲುಗಳ ಸಂಗತಿಯನ್ನು ಸೇರಿಸಬೇಕು. ಕೇಂಬ್ರಿಜ್‌ನಲ್ಲಿ ಜೀವವಿಜ್ಞಾನಿ ಹೋನರ್ ಫೆಲ್ ಅವರು 1920ರ ದಶಕದಲ್ಲಿಯೇ ಕೋಳಿ ಭ್ರೂಣದ ಎಲುಬಿನ ಮೊಳಕೆಗಳನ್ನು ದೇಹದಿಂದ ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ದರು. ಅಲ್ಲಿಯೂ ಅವು ಎಲುಬಿನ ಸ್ಥೂಲ ಆಕಾರವನ್ನು ತಾವಾಗಿ ಪಡೆದವು. ಕೀಲಿನ ವಿಷಯ ಹಾಗಲ್ಲ. ಔಷಧ ಕೊಟ್ಟು ಸ್ನಾಯುಗಳನ್ನು ನಿಶ್ಚಲಗೊಳಿಸಿದ ಭ್ರೂಣಗಳಲ್ಲಿ ಮಂಡಿಯ ಎರಡು ಮೃದ್ವಸ್ಥಿಗಳ ನಡುವೆ ಸರಿಯಾದ ಬಿಡುವು ಉಂಟಾಗದೆ ಅವು ಬೆಸೆದುಕೊಳ್ಳುತ್ತವೆ. ಮೊಟ್ಟೆಯೊಳಗಿನ ಒದೆತವೂ ಕಾಲನ್ನು ರೂಪಿಸುತ್ತದೆ ಎಂಬುದನ್ನು ಆ ಹುಡುಗಿಗೆ ದಯವಿಟ್ಟು ತಿಳಿಸಿ.

ಬದಿಯಡ್ಕದ ಶಿಕ್ಷಕಿ:
ಇಬ್ಬರಿಗೂ ಕೃತಜ್ಞತೆಗಳು. ಎಲ್ಲ ಎಲುಬುಗಳಿಗೂ ಮೊದಲು ಮೃದ್ವಸ್ಥಿ ಇರುತ್ತದೆಯೇ?

ಮಂಜೇಶ್ವರದ ಓದುಗ:
ಇಲ್ಲ. ತಲೆಬುರುಡೆಯ ಮೇಲ್ಚಾವಣಿಯ ಎಲುಬುಗಳು ನೇರವಾಗಿ ಪೊರೆಯಲ್ಲಿಯೇ ಮೂಡುತ್ತವೆ.