ನುಗ್ಗೆ ಮರದ ತುಂಬ ಕಂಬಳಿಹುಳ, ಏನ್ ಮಾಡ್ಲಿ?

ಪ್ರಶ್ನೆ (ಬಸವನಗುಡಿ): ಹಿತ್ತಲಲ್ಲಿರೋ ನುಗ್ಗೆ ಮರ ಅಮ್ಮ ನೆಟ್ಟಿದ್ದು, ಹೋದ ವಾರ ಸಂಜೆ ಸಂಜೆ ಮಳೆ ಹೊಡೀತಲ್ಲ ಅದಾದ್ಮೇಲೆ ಕಾಂಡದ ತುಂಬ ಕಂಬಳಿಹುಳ ಗುಂಪುಗುಂಪಾಗಿ ಕೂತಿವೆ, ಮಗು ಆಡೋ ಜಾಗ ಬೇರೆ, ಪಕ್ಕದ್ಮನೆಯವ್ರು ಕಡಿಸ್ಬಿಡಿ ಅಂತಾರೆ. ನಂಗೆ ಮನಸ್ಸೇ ಬರ್ತಿಲ್ಲ.

ಉತ್ತರ: ಅಯ್ಯೋ ಕಡಿಸ್ಬೇಡಿ ಪ್ಲೀಸ್! ಹಗಲು ಕಾಂಡದ ಮೇಲೇ ಗುಂಪಾಗಿರ್ತವೆ, ಆಗ್ಲೇ ಸೋಪ್ ನೀರು ಜೋರಾಗಿ ಸ್ಪ್ರೇ ಮಾಡಿ, ಬೇವಿನೆಣ್ಣೆ ಸ್ವಲ್ಪ ಸೇರಿಸಿದ್ರೆ ಇನ್ನೂ ಒಳ್ಳೇದು. ತುಂಬು ತೋಳಿನ ಶರ್ಟ್ ಹಾಕ್ಕೊಳ್ಳಿ, ಅದರ ಕೂದಲು ತಾಗಿದ್ರೆ ಸಿಕ್ಕಾಪಟ್ಟೆ ತುರಿಕೆ. ಮಗೂನ ಆ ಕಡೆ ಬಿಡ್ಬೇಡಿ.

ಇನ್ನೊಬ್ರು (ಯಲಹಂಕ): ಕಾಯಿ ಮುಗಿದ್ಮೇಲೆ ಎದೆಮಟ್ಟಕ್ಕೆ ಸವರಿ ಸರ್, ನುಗ್ಗೆ ಮತ್ತೆ ಚಿಗುರತ್ತೆ. ಕೊಂಬೆ ತುಂಬಾ ಮೆತ್ತಗಲ್ವಾ, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳೋದೂ ತಪ್ಪತ್ತೆ. ಸವರಿದ ಕೊಂಬೆ ಎಸೀಬೇಡಿ, ನೆಟ್ರೆ ಹಂಗೇ ಬೇರು ಬಿಡತ್ತೆ.

ಪ್ರಶ್ನೆ ಕೇಳಿದವ್ರು: ಥ್ಯಾಂಕ್ಸ್, ನಾಳೆ ಬೆಳಿಗ್ಗೇನೇ ಸ್ಪ್ರೇ ಮಾಡ್ತೀನಿ. ಒಂದು ಕೊಂಬೆ ಪಕ್ಕದ್ಮನೆಯವ್ರಿಗೂ ಕೊಡ್ತೀನಿ.